ಎಪ್ಪತ್ತು ದಾಟಿದವರಿಗೆ ಬೈಪಾಸ್: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ತಂದೆಗೆ 76 ವರ್ಷ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಆಂಜಿಯೋಗ್ರಾಮ್‌ನಲ್ಲಿ ಮೂರೂ ರಕ್ತನಾಳಗಳಲ್ಲಿ ಬ್ಲಾಕ್ ಕಂಡು, ಬೈಪಾಸ್ ಆಗಬೇಕು ಎಂದಿದ್ದಾರೆ. ‘ಈ ವಯಸ್ಸಿನಲ್ಲಿ ಎದೆ ಕೊಯ್ಯಿಸಬೇಡಿ, ಸ್ಟೆಂಟ್ ಹಾಕಿಸಿ’ ಅಂತಾರೆ ನೆಂಟರು. ಏನು ಮಾಡಲಿ ಡಾಕ್ಟ್ರೇ?
– ಹೆಸರು ಬೇಡ, ಹಾಸನ

ಉತ್ತರ: ನೆಂಟರ ಭಯ ಸುಳ್ಳಲ್ಲ. ಆದರೆ ಅವರು ಲೆಕ್ಕ ಹಾಕುತ್ತಿರುವುದು ವಯಸ್ಸನ್ನು ಮಾತ್ರ. ದಿನ ಗೊತ್ತುಮಾಡಿಕೊಂಡು ಮಾಡುವ ಬೈಪಾಸ್‌ನಲ್ಲಿ ಸಾವಿನ ಪ್ರಮಾಣ ಒಟ್ಟಾರೆ ನೂರಕ್ಕೆ 1ರಿಂದ 3. ಎಂಬತ್ತರ ಆಚೆಗೆ ಇದು ಎರಡು–ಮೂರು ಪಟ್ಟಾಗಬಹುದು, ತುರ್ತಾಗಿ ಮಾಡಬೇಕಾಗಿ ಬಂದರೆ ಇನ್ನೂ ಹೆಚ್ಚು. ನಿಮ್ಮ ತಂದೆಯ ಎಸ್‌ಟಿಎಸ್ ಸ್ಕೋರ್ (ಆಪರೇಷನ್‌ನ ಅಪಾಯ ಅಳೆಯುವ ಲೆಕ್ಕ) ಎಷ್ಟು ಎಂದು ಸರ್ಜನ್ ಬಳಿ ನೇರವಾಗಿ ಕೇಳಿ. ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತಪರೀಕ್ಷೆ), ಹೃದಯದ ಪಂಪಿಂಗ್, ಶ್ವಾಸಕೋಶದ ಸ್ಥಿತಿ ಎಲ್ಲ ಅದರಲ್ಲಿ ಬರುತ್ತದೆ.

ಆ ಸ್ಕೋರಿಗೆ ಪೂರ್ತಿ ಸಿಗದ್ದು ದೇಹದ ನಿತ್ರಾಣ. ಅದಕ್ಕೊಂದು ಸರಳ ಪರೀಕ್ಷೆ ಇದೆ: ನೆಲದಲ್ಲಿ 5 ಮೀಟರ್ ಗುರುತು ಮಾಡಿ, ಎಂದಿನ ನಡಿಗೆಯಲ್ಲಿ ಮೂರು ಸಲ ನಡೆಸಿ ಸರಾಸರಿ ತೆಗೆಯುತ್ತಾರೆ. 6 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಅಪಾಯ ಹೆಚ್ಚು. ಚುರುಕಾಗಿ ನಡೆಯುವ 80ರವರು, ಗೋಡೆ ಹಿಡಿದು ನಡೆಯುವ 68ರವರಿಗಿಂತ ಬೇಗ ಚೇತರಿಸಿಕೊಳ್ಳುವುದುಂಟು. ಆರಾಮವಾಗಿದ್ದಾಗಲೂ ಎದೆನೋವು ಬರುವವರನ್ನು ಮಾತ್ರ ಹೀಗೆ ನಡೆಸಬೇಡಿ.

ಸಕ್ಕರೆ ಕಾಯಿಲೆಯ ಜೊತೆಗೆ ಹಲವು ನಾಳಗಳಲ್ಲಿ ಬ್ಲಾಕ್ ಇದ್ದವರ ಮೇಲೆ ನಡೆದ ಫ್ರೀಡಂ ಅಧ್ಯಯನದಲ್ಲಿ (2012) ಸಾವು, ಹೃದಯಾಘಾತ ಎರಡೂ ಸ್ಟೆಂಟ್ ಹಾಕಿಸಿಕೊಂಡವರಿಗಿಂತ ಬೈಪಾಸ್‌ನವರಲ್ಲೇ ಕಡಿಮೆ. ಪಾರ್ಶ್ವವಾಯು ಮಾತ್ರ ಹೆಚ್ಚು. ಅದರಲ್ಲಿದ್ದವರ ಸರಾಸರಿ ವಯಸ್ಸು ಸುಮಾರು 63 ಎಂಬುದೂ ನೆನಪಿರಲಿ. ಗಟ್ಟಿಯಾದ ಮಹಾಪಧಮನಿಗೆ ಕ್ಲ್ಯಾಂಪ್ ಹಾಕುವಾಗ ಸುಣ್ಣದ ಚೂರು ಕಳಚಿ ಮೆದುಳಿಗೆ ಹೋಗಬಹುದು. ಪಾರ್ಶ್ವವಾಯುವಿನ ಅಪಾಯ ತಿಳಿಯಲು ಕತ್ತಿನ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸುತ್ತಾರೆ, ಕೆಲವರಿಗೆ ಪಂಪ್ (ಹೃದಯ-ಶ್ವಾಸಕೋಶದ ಯಂತ್ರ) ಬಳಸದ ಬೈಪಾಸ್ ಆರಿಸುತ್ತಾರೆ. ನಿಮ್ಮ ತಂದೆ ಓಡಾಡಿಕೊಂಡಿದ್ದು ಕಿಡ್ನಿ ಸರಿಯಿದ್ದರೆ, ನನ್ನ ಒಲವು ಬೈಪಾಸ್ ಕಡೆಗೇ.

ಮಾತ್ರೆಗಳ ಪಟ್ಟಿ ಮರೆಯದೆ ಒಯ್ಯಿರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಸಾಮಾನ್ಯವಾಗಿ ಆಪರೇಷನ್‌ಗೆ 5 ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ರಕ್ತಸ್ರಾವ ಹೆಚ್ಚುತ್ತದೆ; ಆಸ್ಪಿರಿನ್ ಬಹುಪಾಲು ಮುಂದುವರಿಯುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆಗಳಾದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಕನಿಷ್ಠ 3 ದಿನ ಮೊದಲು ನಿಲ್ಲಬೇಕು. ಇವುಗಳಿಂದ ರಕ್ತದಲ್ಲಿ ಆಮ್ಲ ಏರಿದರೂ ಸಕ್ಕರೆ ಸರಿಯಾಗೇ ಕಾಣುವುದರಿಂದ ತೊಂದರೆ ತಡವಾಗಿ ಗೊತ್ತಾಗುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ಅಮ್ಮನಿಗೆ 79. ಬೈಪಾಸ್ ಆದ ಮೂರನೇ ರಾತ್ರಿಯಿಂದ ಏನೇನೋ ಮಾತಾಡುತ್ತಾರೆ, ನನ್ನನ್ನೇ ಗುರುತು ಹಿಡಿಯಲಿಲ್ಲ. ಹೀಗೇ ಉಳಿದುಬಿಡುತ್ತದೆಯೇ?
– ಹೆಸರು ಬೇಡ, ಶಿರಸಿ

ಉತ್ತರ: ವಯಸ್ಸಾದವರಲ್ಲಿ ಈ ಗಲಿಬಿಲಿ ಸಾಮಾನ್ಯ, ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ತಿಳಿಯಾಗುತ್ತದೆ. ಕನ್ನಡಕ, ಕಿವಿಯ ಮಷೀನು ತಕ್ಷಣ ಹಾಕಿಸಿ, ಹಗಲು ಕಿಟಕಿಯ ಬೆಳಕಿರಲಿ, ಮನೆಯವರೊಬ್ಬರು ಪಕ್ಕದಲ್ಲಿರಿ. ನಿದ್ದೆಮಾತ್ರೆ ಕೊಡಿಸಿ ಎಂದು ಒತ್ತಾಯಿಸಬೇಡಿ, ಅದರಿಂದಲೇ ಕೆಡುವುದುಂಟು. ಸೋಡಿಯಂ, ಆಮ್ಲಜನಕ, ಸೋಂಕು, ಮೂತ್ರ ಕಟ್ಟಿದೆಯೇ ಎಂಬುದನ್ನೆಲ್ಲ ನೋಡಿಸಿ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ ಮಾತ್ರ ಅದು ಬೇರೆಯೇ ಮಾತು, ಆ ಕ್ಷಣವೇ ನರ್ಸನ್ನು ಕರೆಯಿರಿ.

ಮನೆಗೆ ಬಂದ ಮೇಲೆ ಎದೆಮೂಳೆ ಕೂಡಲು 6ರಿಂದ 8 ವಾರ ಬೇಕು. ಅಷ್ಟು ದಿನ ತುಂಬಿದ ಕೊಡ ಎತ್ತುವುದು, ಕುರ್ಚಿಯ ಕೈಗೆ ಭಾರ ಹಾಕಿ ಏಳುವುದು ಬೇಡ. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳಲಿ. ಮಗ್ಗುಲಾದಾಗ ಎದೆಯಲ್ಲಿ ‘ಕಟಕ್’ ಎಂದರೆ, ಗಾಯದಿಂದ ನೀರು ಒಸರಿದರೆ ಅದೇ ದಿನ ಸರ್ಜನ್‌ಗೆ ತೋರಿಸಿ.