ವಯಸ್ಸಾದಂತೆ ನಾಯಿಯ ರೋಗನಿರೋಧಕ ಶಕ್ತಿ ಏಕೆ ಕುಗ್ಗುತ್ತದೆ?

ಮುಪ್ಪಿನಲ್ಲಿ ನಾಯಿಯ ರೋಗನಿರೋಧಕ ಶಕ್ತಿ ಪೂರ್ತಿ ಅಳಿಯುವುದಿಲ್ಲ. ಮೊದಲೇ ಪರಿಚಯವಿರುವ ರೋಗಾಣುಗಳನ್ನು ಅದು ಚೆನ್ನಾಗಿಯೇ ಗುರುತಿಸುತ್ತದೆ, ಹೊಸದಾಗಿ ಎದುರಾದವುಗಳ ಮುಂದೆ ತಡವರಿಸುತ್ತದೆ.

ಇದಕ್ಕೆ ಮುಖ್ಯ ಕಾರಣ ಎದೆಗೂಡಿನಲ್ಲಿ, ಹೃದಯದ ಮುಂಭಾಗದಲ್ಲಿರುವ ಥೈಮಸ್ ಗ್ರಂಥಿ. ಸೋಂಕಿನ ವಿರುದ್ಧ ಹೋರಾಡುವ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಪಳಗುವುದು ಅಲ್ಲಿಯೇ. ಮರಿಯಲ್ಲಿ ದೊಡ್ಡದಾಗಿರುವ ಈ ಗ್ರಂಥಿಯು ನಾಯಿ ಪ್ರಾಯಕ್ಕೆ ಬರುವ ಹೊತ್ತಿಗೇ ಕುಗ್ಗತೊಡಗಿ, ಕ್ರಮೇಣ ಬಹುಪಾಲು ಕೊಬ್ಬಾಗಿ ಮಾರ್ಪಡುವುದರಿಂದ, ಹೊಸ ಟಿ-ಕೋಶಗಳ ಪೂರೈಕೆ ಇಳಿಯುತ್ತಾ ಹೋಗಿ, ಹಿಂದಿನ ಸೋಂಕು ಮತ್ತು ಲಸಿಕೆಗಳ ನೆನಪುಳ್ಳ ಕೋಶಗಳೇ ಹೆಚ್ಚಾಗಿ ಉಳಿಯುತ್ತವೆ.

ಆದ್ದರಿಂದಲೇ ಮರಿಯಾಗಿದ್ದಾಗಿನಿಂದ ಡಿಸ್ಟೆಂಪರ್, ಪಾರ್ವೊ ಎಂಬ ವೈರಸ್ ರೋಗಗಳ ಲಸಿಕೆಗಳನ್ನು ಪಡೆದ ಮುದಿ ನಾಯಿಯ ರಕ್ತದಲ್ಲಿ ಆ ರೋಗಾಣುಗಳನ್ನು ತಡೆಯುವ ಪ್ರತಿಕಾಯಗಳು ಸಾಮಾನ್ಯವಾಗಿ ಸಾಕಷ್ಟಿರುತ್ತವೆ (ಹಾಗೆಂದು ಪಶುವೈದ್ಯರನ್ನು ಕೇಳದೆ ಲಸಿಕೆ ನಿಲ್ಲಿಸಲೇಬಾರದು); ಮುದಿತನದಲ್ಲಿ ಮೊದಲ ಬಾರಿಗೆ ರೇಬೀಸ್ ಲಸಿಕೆ ಪಡೆದ ನಾಯಿಯಲ್ಲಾದರೋ ಪ್ರತಿಕ್ರಿಯೆ ಎಳೆಯ ನಾಯಿಯಲ್ಲಿರುವುದಕ್ಕಿಂತ ದುರ್ಬಲವಾಗಿರಬಹುದು.