ಅಸೆಂಬ್ಲಿ ನಿಧಾನವಾದರೆ ಮೊದಲು ಭಾರ ಎಲ್ಲಿದೆ ಹುಡುಕಿ

ಸಾಲಿಡ್‌ವರ್ಕ್ಸ್‌ನಲ್ಲಿ (ಯಂತ್ರಗಳನ್ನು 3ಡಿಯಲ್ಲಿ ವಿನ್ಯಾಸ ಮಾಡುವ ಸಾಫ್ಟ್‌ವೇರ್) ಎರಡು ಸಾವಿರ ಪಾರ್ಟ್‌ಗಳನ್ನು ಜೋಡಿಸಿದ ಕನ್ವೇಯರ್ ಅಸೆಂಬ್ಲಿ, ತಿರುಗಿಸಿದರೆ ತಡವರಿಸುತ್ತದೆ, ಮೇಟ್ (ಒಂದು ಪಾರ್ಟ್ ಇನ್ನೊಂದಕ್ಕೆ ಹೇಗೆ ಕೂರಬೇಕೆಂಬ ಸಂಬಂಧ) ಹಾಕಿದರೆ ಕಾಯಬೇಕು, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಾ ಅಂತ ಕೇಳಿದ್ದೀರಿ.

ಕಾರ್ಡ್ ಸದ್ಯಕ್ಕೆ ಬಿಡಿ. ಇವು ಎರಡು ಬೇರೆ ಬೇರೆ ತೊಂದರೆ. ತಿರುಗಿಸುವಾಗ ತಡವರಿಸಿದರೆ ಆಕಾರ ತೋರಿಸಲು ತೆರೆಯ ಮೇಲೆ ಮೂಡಬೇಕಾದ ಪುಟ್ಟ ತ್ರಿಕೋನಗಳು ಜಾಸ್ತಿಯಾಗಿವೆ ಎಂದರ್ಥ. ಮೇಟ್ ಹಾಕಿದ ಮೇಲೆ ಕಾಯಿಸುವುದು ರೀಬಿಲ್ಡ್, ಅಂದರೆ ಅಸೆಂಬ್ಲಿಯ ಲೆಕ್ಕವನ್ನು ಮತ್ತೆ ಹಾಕುವುದು. ಅದು ಬಹುಮಟ್ಟಿಗೆ ಸಿಪಿಯುವಿನ ಒಂದೇ ಕೋರ್‌ನಲ್ಲಿ ನಡೆಯುವ ಕೆಲಸ. ಎಂಥ ಕಾರ್ಡ್ ತಂದರೂ ಅಲ್ಲಿ ಏನೂ ಬದಲಾಗುವುದಿಲ್ಲ.

ಪಾರ್ಟ್‌ಗಳನ್ನು ಪಟ್ಟಿ ಮಾಡಿ ತೋರಿಸುವ ಅಸೆಂಬ್ಲಿ ವಿಶುವಲೈಸೇಶನ್ ಟೂಲ್ ತೆರೆದು, ಒಂದು ಕಾಲಂಗೆ ಗ್ರಾಫಿಕ್ಸ್ ಟ್ರಯಾಂಗಲ್ಸ್ ಕೊಟ್ಟು, ಜಾಸ್ತಿ ಇರುವುದು ಮೇಲೆ ಬರುವಂತೆ ಜೋಡಿಸಿ. ನಾನು ನೋಡಿದ ಮಟ್ಟಿಗೆ ಮೇಲಿನ ಐದಾರು ಸಾಲಿನಲ್ಲೇ ಕಳ್ಳ ಸಿಕ್ಕಿಬೀಳುತ್ತಾನೆ. ಅದು ನೀವು ಮಾಡಿದ ಪಾರ್ಟ್ ಆಗಿರುವುದು ಕಡಿಮೆ. ತಯಾರಕರ ಸೈಟಿನಿಂದ ಇಳಿಸಿಕೊಂಡ ಮೋಟಾರು, ವಾಲ್ವು, ಇಂಥವೇ.

ಅಂಥ ಒಂದು ಗೇರ್ ಮೋಟಾರಿನ ಸ್ಟೆಪ್ ಫೈಲ್ (ಬೇರೆ ಬೇರೆ ಸಾಫ್ಟ್‌ವೇರ್ ಓದಬಲ್ಲ 3ಡಿ ಫೈಲ್) ತೆರೆದು ಸೆಕ್ಷನ್ ಹಾಕಿ, ಅಂದರೆ ಕತ್ತರಿಸಿದ ಹಾಗೆ ನೋಡಿ. ಒಳಗೆ ಬೇರಿಂಗ್, ಅದರೊಳಗೆ ಒಂದೊಂದು ಬಾಲೂ ಇರುತ್ತದೆ. ಸ್ಕ್ರೂ ಮೇಲೆ ನಿಜವಾದ ಥ್ರೆಡ್, ನೇಮ್‌ಪ್ಲೇಟ್ ಮೇಲೆ ಉಬ್ಬಿದ ಅಕ್ಷರ. ನಿಮಗೆ ಬೇಕಿರುವುದು ಹೊರಗಿನ ಆಕಾರ, ಮೌಂಟಿಂಗ್ ಫೇಸ್, ಬೋಲ್ಟ್ ಹೋಲ್, ಶಾಫ್ಟ್, ಅಷ್ಟೇ ಅಲ್ವಾ? ಟರ್ಮಿನಲ್ ಬಾಕ್ಸ್ ಮಾತ್ರ ಇರಲಿ, ಕೇಬಲ್ ಯಾವ ಕಡೆಯಿಂದ ಬರುತ್ತೆ ಅಂತ ನಾಳೆ ಯಾರಾದರೂ ಕೇಳೇ ಕೇಳುತ್ತಾರೆ. ಮಿಕ್ಕಿದ್ದನ್ನು ಡಿಫೀಚರ್ ಟೂಲ್‌ನಲ್ಲಿ ತೆಗೆಯಬಹುದು. ನನಗಂತೂ ಮೂರ್ನಾಲ್ಕು ಎಕ್ಸ್‌ಟ್ರೂಡ್ (ಚಿತ್ರವನ್ನು ಎಳೆದು ಗಟ್ಟಿ ಆಕಾರ ಮಾಡುವುದು) ಹಾಕಿ ಹೊಸದಾಗಿ ಮಾಡಿಕೊಳ್ಳುವುದೇ ಬೇಗ. ಪಾರ್ಟ್ ನಂಬರ್ ಹಳೆಯದೇ ಕೊಡಿ, ಬಿಲ್ ಆಫ್ ಮೆಟೀರಿಯಲ್ಸ್ (ಪಾರ್ಟ್‌ಗಳ ಪಟ್ಟಿ) ಕೆಡುವುದಿಲ್ಲ. ಮಾಸ್ ಪ್ರಾಪರ್ಟೀಸ್‌ನಲ್ಲಿ ಓವರ್‌ರೈಡ್ ಮಾಡಿ ಕ್ಯಾಟಲಾಗಿನಲ್ಲಿರುವ ತೂಕ ಹಾಕಿ. ಇಲ್ಲದಿದ್ದರೆ ಒಳಗೆಲ್ಲ ಲೋಹ ತುಂಬಿದ ಹಾಗೆ ತೂಕ ತೋರಿಸಿ ಲಿಫ್ಟಿಂಗ್ ಲೆಕ್ಕ ದಾರಿ ತಪ್ಪುತ್ತದೆ.

ಬೋಲ್ಟು ನಟ್ಟಿಗೆ ಕಾಸ್ಮೆಟಿಕ್ ಥ್ರೆಡ್ (ನಿಜವಾದ ಥ್ರೆಡ್ ಬದಲು ಬರೀ ಗುರುತು) ಸಾಕು. ಇಮೇಜ್ ಕ್ವಾಲಿಟಿ ಸ್ಲೈಡರ್ ಕೆಂಪು ಕಡೆಗಿದ್ದರೆ ಎಡಕ್ಕೆ ಎಳೆಯಿರಿ.

ಇನ್ನು ರೀಬಿಲ್ಡ್. ಎಲ್ಲವನ್ನೂ ಟಾಪ್ ಲೆವೆಲ್‌ನಲ್ಲೇ ಮೇಟ್ ಮಾಡಿದ್ದೀರಾ? ಹಾಗಿದ್ದರೆ ಅಷ್ಟನ್ನೂ ಸಾಫ್ಟ್‌ವೇರ್ ಒಟ್ಟಿಗೆ ಲೆಕ್ಕ ಹಾಕಬೇಕು. ಡ್ರೈವ್, ಫ್ರೇಮ್, ಟೆನ್ಷನರ್ ಅಂತ ಸಬ್‌ಅಸೆಂಬ್ಲಿಗಳಾಗಿ ಒಡೆಯಿರಿ. ರೋಲರ್‌ಗಳನ್ನು ಒಂದೊಂದಾಗಿ ಕೂರಿಸಬೇಡಿ, ಒಂದನ್ನು ಕೂರಿಸಿ ಪ್ಯಾಟರ್ನ್ ಹಾಕಿ (ಅದನ್ನೇ ಸಾಲಾಗಿ ನಕಲಿಸುವುದು). ಸಬ್‌ಅಸೆಂಬ್ಲಿಯನ್ನು ಸುಮ್ನೆ ಫ್ಲೆಕ್ಸಿಬಲ್ (ಒಳಗಿನ ಪಾರ್ಟ್‌ಗಳು ಚಲಿಸುವಂತೆ) ಮಾಡಿದರೆ ಅದರೊಳಗಿನ ಮೇಟ್‌ಗಳೂ ಮೇಲಿನ ಲೆಕ್ಕಕ್ಕೆ ಸೇರುತ್ತವೆ. ಚಲನೆ ನೋಡಲೇಬೇಕಾದ ಕಡೆ ಮಾತ್ರ ಅದು ಇರಲಿ.

ಭಾರ ಇಳಿಸಲು ಒಂದು ಪಾರ್ಟನ್ನು ಸಪ್ರೆಸ್ ಮಾಡುವ (ತಾತ್ಕಾಲಿಕವಾಗಿ ಹೊರಗಿಡುವ) ಮುಂಚೆ ಒಂದು ನೋಡಿಕೊಳ್ಳಿ: ಅದರ ಮೇಲೆ ಮೇಟ್ ಆದವೆಲ್ಲ ಸಡಿಲವಾಗುತ್ತವೆ, ಮೌಸ್ ತಾಗಿದರೂ ಸರಿದುಹೋಗುತ್ತವೆ. ಅದಕ್ಕೇ ಮುಖ್ಯ ಪಾರ್ಟ್‌ಗಳನ್ನು ಫ್ರೇಮಿಗೆ ಅಥವಾ ಪ್ಲೇನ್‌ಗಳಿಗೆ ಮೇಟ್ ಮಾಡುವುದು ವಾಸಿ, ಬೋಲ್ಟಿಗಲ್ಲ. ಸಪ್ರೆಸ್ ಮಾಡಿದ್ದನ್ನು ಬೇರೆ ಕಾನ್ಫಿಗರೇಶನ್ ಆಗಿ, ಅಂದರೆ ಅದೇ ಫೈಲಿನ ಇನ್ನೊಂದು ರೂಪವಾಗಿ ಇಟ್ಟುಕೊಳ್ಳಿ. ಕೊನೆಯ ಇಂಟರ್‌ಫಿಯರೆನ್ಸ್ ಚೆಕ್ (ಪಾರ್ಟ್‌ಗಳು ಒಂದರೊಳಗೊಂದು ನುಗ್ಗಿವೆಯೇ ಎಂಬ ಪರೀಕ್ಷೆ) ಪೂರ್ತಿ ಕಾನ್ಫಿಗರೇಶನ್‌ನಲ್ಲೇ ಮಾಡಿ, ಎಷ್ಟೇ ಹೊತ್ತು ಹಿಡಿದರೂ ಸರಿ.