'ದಿ ಶೀಲ್ಡ್' ಸರಣಿ ಈಗ ನೋಡಿದರೂ ಹಿಡಿಸುತ್ತದಾ?

ಇಷ್ಟು ಹಳೆಯ ಪೊಲೀಸ್ ಸರಣಿಯನ್ನು ಈಗ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿ. ನಾನೂ ತುಂಬಾ ತಡವಾಗಿಯೇ ನೋಡಿದ್ದು, ಇಷ್ಟು ದಿನ ಯಾಕೆ ಬಿಟ್ಟಿದ್ದೆ ಅನಿಸಿತು.

ಇದು ಅಮೆರಿಕದ ಎಫ್‌ಎಕ್ಸ್ ಚಾನೆಲ್‌ನಲ್ಲಿ 2002ರಿಂದ 2008ರವರೆಗೆ ಬಂತು, ಒಟ್ಟು 7 ಸೀಸನ್. ಕಥೆ ನಡೆಯುವುದು ಲಾಸ್ ಏಂಜಲೀಸ್‌ನಲ್ಲಿ. 90ರ ದಶಕದ ಕೊನೆಯಲ್ಲಿ ಅಲ್ಲಿನ ರ‍್ಯಾಂಪಾರ್ಟ್ ವಿಭಾಗದ ಪೊಲೀಸರೇ ಡ್ರಗ್ಸ್ ಕದ್ದು, ಸುಳ್ಳು ಸಾಕ್ಷಿ ಹುಟ್ಟಿಸಿದ ಹಗರಣ ಬಯಲಾಗಿತ್ತು, ಅದರಿಂದಲೇ ಹುಟ್ಟಿದ ಕಥೆ ಇದು.

ನಾಯಕ ವಿಕ್ ಮ್ಯಾಕಿ ಪೊಲೀಸ್ ಡಿಟೆಕ್ಟಿವ್. ಲಂಚ ತಿನ್ನುತ್ತಾನೆ, ಡ್ರಗ್ಸ್ ಮಾರುವವರ ಜೊತೆ ಕೈ ಜೋಡಿಸುತ್ತಾನೆ, ಹೊಡೆದು ಬಾಯಿ ಬಿಡಿಸುತ್ತಾನೆ. ಅದೇ ಮನುಷ್ಯ ಮಕ್ಕಳಿಗೆ ಅಪಾಯ ಅಂದರೆ ಜೀವ ಪಣಕ್ಕಿಟ್ಟು ಓಡುತ್ತಾನೆ. ಅವನು ಸಿಕ್ಕಿಬೀಳಬಾರದು ಅಂತ ನಮಗೇ ಅನಿಸತೊಡಗುತ್ತದೆ, ಆಮೇಲೆ ಹಾಗೆ ಅನಿಸಿದ್ದಕ್ಕೆ ಮನಸ್ಸು ಕಸಿವಿಸಿಯಾಗುತ್ತದೆ. ಮೊದಲ ಎಪಿಸೋಡಿನ ಕೊನೆಯಲ್ಲಿ ಅವನು ಮಾಡುವ ಕೆಲಸವನ್ನು ನಾನು ಹೇಳುವುದಿಲ್ಲ, ಆದರೆ ಮುಂದಿನ ಏಳೂ ಸೀಸನ್‌ಗಳಲ್ಲಿ ಅದು ಅವನ ಬೆನ್ನು ಬಿಡುವುದಿಲ್ಲ. ಆ ಪಾತ್ರಕ್ಕೆ ಮೈಕಲ್ ಚಿಕ್ಲಿಸ್‌ಗೆ 2002ರಲ್ಲಿ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ ಎಮ್ಮಿ ಬಂತು, ಬರಲೇಬೇಕಿತ್ತು.

ಕ್ಯಾಮೆರಾ ಕೈಯಲ್ಲಿ ಹಿಡಿದು ತೆಗೆದಿದ್ದಾರೆ, ಚಿತ್ರ ಅಲುಗಾಡುತ್ತದೆ, ಸ್ವಲ್ಪ ಒರಟು. ಎರಡು ಮೂರು ಎಪಿಸೋಡಿಗೆ ಕಣ್ಣು ಒಗ್ಗಿಕೊಳ್ಳುತ್ತದೆ. 5ನೇ ಸೀಸನ್‌ನಲ್ಲಿ ಫಾರೆಸ್ಟ್ ವಿಟೇಕರ್ ವಿಕ್‌ನ ಬೆನ್ನು ಹತ್ತುವ ಅಧಿಕಾರಿಯಾಗಿ ಬರುತ್ತಾರೆ, ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಅದೇ. ಹಿಂಸೆ ಮಾತ್ರ ಜಾಸ್ತಿ ಇದೆ, ಮಕ್ಕಳ ಜೊತೆ ಕೂತು ನೋಡಬೇಡಿ. ಕೊನೆಯ ಎಪಿಸೋಡಿನ ಬಗ್ಗೆ ಎಲ್ಲೂ ಓದಲು ಹೋಗಬೇಡಿ, ಸುಮ್ನೆ ನೋಡಿ.